ತೇದ ಗಂಧ, ಇಳಿಸಿದ ಎಣ್ಣೆ

ಕುಪ್ಪಳ್ಳಿಯ ಆಸುಪಾಸಿನಿಂದ ಹೊಸನಗರ, ಸಾಗರಗಳವರೆಗೆ ಹಬ್ಬಿರುವ ಮಲೆನಾಡಿನಲ್ಲಿ ಅರಿಶಿನದ ಎಲೆಯೊಳಗೆ ಬೇಯುವ ಕಡುಬು, ಸಾಣೆಕಲ್ಲಿನ ಮೇಲೆ ತೇಯುವ ಗಂಧ, ನೆಗಡಿಯಾದಾಗ ಬಿಸಿನೀರಿಗೆ ಬೀಳುವ ನೀಲಗಿರಿ ಎಣ್ಣೆಯ ಹನಿ ಇವೆಲ್ಲ ಮನೆವಾರ್ತೆಯ ಭಾಗವಾಗಿಯೇ ಉಳಿದಿವೆ. ಇಂತಹ ಪರಿಮಳಗಳನ್ನು ದೇಹ ಮತ್ತು ಮನಸ್ಸಿನ ಉಪಶಮನಕ್ಕೆ ಬಳಸುವ ಕ್ರಮಕ್ಕೆ ಅರೋಮಾಥೆರಪಿ ಎಂಬ ಹೆಸರನ್ನು ಕೊಟ್ಟವನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಗಟ್ಟೆಫೋಸೆ. 1937ರಲ್ಲಿ ಹೊರಬಂದ ಅವನ ಗ್ರಂಥದ ಶೀರ್ಷಿಕೆಯೂ ಅದೇ. ಈ ಪದ್ಧತಿಯ ಮೂಲದ್ರವ್ಯವಾದ ಸುಗಂಧ ತೈಲವು ಕೊಬ್ಬರಿ ಎಣ್ಣೆಯಂತೆ ಜಿಡ್ಡಿನ ವಸ್ತುವಲ್ಲ, ಸಸ್ಯದ ಎಲೆ, ಹೂವು, ಬೇರು ಅಥವಾ ಕಟ್ಟಿಗೆಯಲ್ಲಿ ಅಡಗಿದ್ದು ಗಾಳಿಗೆ ಬೇಗ ಆರಿಹೋಗುವ ಹಲವು ರಾಸಾಯನಿಕಗಳ ಮಿಶ್ರಣ.

ಶ್ರೀಗಂಧವನ್ನೇ ನೋಡಬಹುದು. ಸಾಗರದ ಗುಡಿಗಾರರು ಕೆತ್ತನೆಗೆ ಆರಿಸುವ ಚೇಗಿನಲ್ಲಿ, ಅಂದರೆ ಕಾಂಡದ ನಡುವಿನ ಗಟ್ಟಿ ಭಾಗದಲ್ಲಿ, ಮತ್ತು ಬೇರಿನಲ್ಲಿ ಎಣ್ಣೆ ಸೇರಿಕೊಂಡಿರುವುದರಿಂದ ಗಂಧದ ಮರವನ್ನು ಕಡಿಯುವುದಕ್ಕಿಂತ ಬೇರುಸಹಿತ ಕೀಳುವುದೇ ವಾಡಿಕೆ. ಪುಡಿ ಮಾಡಿದ ಚೇಗಿನೊಳಗೆ ಗಂಟೆಗಟ್ಟಲೆ ಹಬೆ ಹಾಯಿಸಿ, ಆ ಹಬೆಯನ್ನು ತಣಿಸಿದಾಗ ನೀರಿನಿಂದ ಬೇರ್ಪಡುವ ಎಣ್ಣೆಯ ಬಹುಪಾಲು ಸ್ಯಾಂಟಲಾಲ್ ಎಂಬ ವಸ್ತುವೇ ಆಗಿರುತ್ತದೆ. ಹಿಂದೆ ಮೈಸೂರು ಸಂಸ್ಥಾನದ ಗಂಧ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ಮೊದಲ ಮಹಾಯುದ್ಧ ಆ ದಾರಿಯನ್ನು ಮುಚ್ಚಿದ ಮೇಲೆ 1916ರಲ್ಲಿ ಮೈಸೂರಿನಲ್ಲಿ ಸರ್ಕಾರಿ ಕಾರ್ಖಾನೆ ಆರಂಭವಾಯಿತು, 1944ರಲ್ಲಿ ಶಿವಮೊಗ್ಗಕ್ಕೂ ಅಂತಹುದೇ ಕಾರ್ಖಾನೆ ಬಂದಿತು.

ಇಂದು ಸೋಪು, ಅತ್ತರುಗಳ ಜೊತೆಯಲ್ಲಷ್ಟೇ ನೆನಪಾಗುವ ಈ ಎಣ್ಣೆ ಅಂದಿನ ಯೂರೋಪಿನಲ್ಲಿ ಔಷಧಿಯಾಗಿತ್ತು: ಗೊನೊರಿಯಾ ಎಂಬ ಲೈಂಗಿಕ ರೋಗಕ್ಕೂ ಮೂತ್ರನಾಳದ ಸೋಂಕಿಗೂ ವೈದ್ಯರು ಅದನ್ನು ಗುಳಿಗೆಗಳಲ್ಲಿ ತುಂಬಿ ಕೊಡುತ್ತಿದ್ದರು. ಸಲ್ಫಾ ಔಷಧಿಗಳೂ ಪೆನಿಸಿಲಿನ್ನೂ ಬಂದು ರೋಗವನ್ನು ನಿಜವಾಗಿ ಗುಣಪಡಿಸತೊಡಗಿದಾಗ ಗಂಧದ ಗುಳಿಗೆ ತೆರೆಮರೆಗೆ ಸರಿಯಿತು. ಪರಿಮಳ ಚಿಕಿತ್ಸೆಯ ಇಂದಿನ ಹೊಗಳಿಕೆಗಳನ್ನು ತೂಗುವಾಗ ಈ ಹಳೆಯ ಪ್ರಸಂಗವನ್ನು ಮರೆಯಬಾರದು.

ಹಾಗೆಂದು ಪರಿಮಳವನ್ನು ಬರಿಯ ಭ್ರಮೆಯೆಂದು ತಳ್ಳಿಹಾಕುವುದೂ ಸಲ್ಲದು. ಮೂಗಿನ ಮೇಲ್ಭಾಗದ ನರತಂತುಗಳು ವಾಸನೆಯ ಸುದ್ದಿಯನ್ನು ಮಿದುಳಿನಲ್ಲಿ ಭಾವನೆ, ನೆನಪುಗಳಿಗೆ ಸಂಬಂಧಿಸಿದ ಭಾಗಗಳಿಗೆ ಬಹಳ ಹತ್ತಿರದ ದಾರಿಯಲ್ಲಿ ಮುಟ್ಟಿಸುವುದರಿಂದ, ಇಷ್ಟವಾದ ಕಂಪು ಕಳವಳವನ್ನು ತುಸು ತಗ್ಗಿಸಿ ನಿದ್ರೆಗೆ ನೆರವಾಗುವುದು ಸಾಧ್ಯ. ಆದರೆ ಅದು ಕ್ಯಾನ್ಸರನ್ನೋ ಮಧುಮೇಹವನ್ನೋ ಗುಣಪಡಿಸುತ್ತದೆ ಎಂಬುದಕ್ಕೆ ಆಧಾರವಿಲ್ಲ. ಪೂರಕ ಚಿಕಿತ್ಸೆ ಎಂಬ ಮಾತಿನ ಅರ್ಥವೇ ವೈದ್ಯರ ಔಷಧಿಯ ಜೊತೆಗೆ ನಡೆಯುವಂತಹುದು ಎಂದು, ಅದರ ಜಾಗಕ್ಕೆ ಬರುವಂತಹುದು ಎಂದಲ್ಲ.

ಸಾಣೆಯ ಮೇಲಿನ ಗಂಧದಲ್ಲಿ ಎಣ್ಣೆಯ ಅಂಶ ಅತ್ಯಲ್ಪ. ಸೀಸೆಯಲ್ಲಿರುವುದಾದರೋ ಸಾಂದ್ರವಾದ ವಸ್ತು. ಆದ್ದರಿಂದ ಯಾವ ಸುಗಂಧ ತೈಲವನ್ನೇ ಆಗಲಿ ಕೊಬ್ಬರಿ ಎಣ್ಣೆಯಂತಹುದರಲ್ಲಿ ಬೆರೆಸದೆ ಮೈಗೆ ಹಚ್ಚಿದರೆ ಚರ್ಮ ಉರಿದೀತು, ಕೆಲವರಿಗೆ ಅಲರ್ಜಿಯೂ ಆದೀತು. ನೀಲಗಿರಿ ಎಣ್ಣೆ ಮತ್ತು ಕರ್ಪೂರಗಳ ವಿಚಾರ ಇನ್ನೂ ಗಂಭೀರ: ಇವುಗಳ ಬಳಕೆಯಿಂದ ಕೆಲವರಲ್ಲಿ ಮೂರ್ಛೆ ಬರುವುದನ್ನು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ನರರೋಗ ತಜ್ಞರು ದಾಖಲಿಸಿದ್ದಾರೆ. ಮೂರ್ಛೆರೋಗದವರಿರುವ ಮನೆಯಲ್ಲಿ ಇವುಗಳ ಆವಿಯನ್ನಾಗಲಿ ಲೇಪವನ್ನಾಗಲಿ ವೈದ್ಯರನ್ನು ಕೇಳದೆ ಬಳಸಬಾರದು. ಒಂದು ಚಮಚೆಯಷ್ಟು ನೀಲಗಿರಿ ಎಣ್ಣೆ ಹೊಟ್ಟೆಗೆ ಹೋದರೂ ಎಳೆಯ ಮಗುವಿನ ಜೀವಕ್ಕೆ ಅಪಾಯವಾದ್ದರಿಂದ ಸೀಸೆಯನ್ನು ಮಕ್ಕಳ ಕೈಗೆಟುಕದ ಎತ್ತರದಲ್ಲಿ ಇಡಬೇಕು.