ಹಳೇ ಮನೆಯ ಸಾಲ ತೀರಿಸುವ ಮುನ್ನ

ಯಲಹಂಕ ಉಪನಗರದ ಮಗ್ಗುಲಿನ ಅಟ್ಟೂರು ಬಡಾವಣೆಯಲ್ಲಿ ‘ಮನೆ ಬಾಡಿಗೆಗೆ ಇದೆ’ ಎಂಬ ಬೋರ್ಡು ಅಪರೂಪವೇನಲ್ಲ. ಸಾಲ ಮಾಡಿ ಎರಡು ಬೆಡ್‌ರೂಮಿನ ಮನೆ ಕೊಂಡವರು ಮಕ್ಕಳು ದೊಡ್ಡವರಾದ ಮೇಲೆ ಇನ್ನೊಂದು ಮನೆಗೆ ಹೋಗುತ್ತಾರೆ, ಹಳೆಯದನ್ನು ಬಾಡಿಗೆಗೆ ಕೊಡುತ್ತಾರೆ. ಹೋಗುವ ಮುಂಚೆ ಕೂಡಿಟ್ಟ ಹಣವನ್ನೆಲ್ಲ ಹಾಕಿ ಹಳೇ ಸಾಲ ತೀರಿಸಿ, ಪತ್ರ ಬಿಡಿಸಿಕೊಂಡು, ಹೊಸ ಮನೆಗೆ ದೊಡ್ಡ ಸಾಲ ಎತ್ತುವುದು ನಮ್ಮಲ್ಲಿ ರೂಢಿ. ಮನಸ್ಸಿಗೆ ನೆಮ್ಮದಿ ನಿಜ. ತೆರಿಗೆಯಲ್ಲಿ ಮಾತ್ರ ನಷ್ಟ.

ಕಾರಣ ಸರಳ. ನಾವೇ ವಾಸಿಸುವ ಮನೆಯ ಬಡ್ಡಿಗೆ ಹಳೇ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷದವರೆಗೆ ವಿನಾಯಿತಿ, ಹೊಸ ಪದ್ಧತಿಯಲ್ಲಿ ಸೊನ್ನೆ. ಬಾಡಿಗೆ ಕೊಟ್ಟ ಮನೆಯ ಬಡ್ಡಿಯನ್ನು ಎರಡೂ ಪದ್ಧತಿಗಳಲ್ಲಿ ಬಾಡಿಗೆಯಿಂದ ಕಳೆಯಬಹುದು.

ಒಂದು ಲೆಕ್ಕ ಹಾಕೋಣ. ತಿಂಗಳಿಗೆ 25,000 ಬಾಡಿಗೆ ಎಂದರೆ ವರ್ಷಕ್ಕೆ 3 ಲಕ್ಷ. ಆಸ್ತಿ ತೆರಿಗೆ 10,000 ಹೋಗಿ 2,90,000. ಅದರಲ್ಲಿ ಶೇ 30, ಅಂದರೆ 87,000, ಬಿಲ್ಲು ಕೇಳದೆ ಬಿಡುತ್ತಾರೆ. ಉಳಿದದ್ದು 2,03,000. ಹಳೇ ಮನೆ ಮೇಲೆ ಶೇ 8.5ರಂತೆ 24 ಲಕ್ಷ ಸಾಲ ಉಳಿದಿದ್ದರೆ ವರ್ಷದ ಬಡ್ಡಿಯೂ ಹೆಚ್ಚುಕಡಿಮೆ ಅಷ್ಟೇ; ಬಾಡಿಗೆಗೆ ತೆರಿಗೆಯೇ ಇಲ್ಲ. ಅದೇ ಸಾಲ ತೀರಿಸಿ, 24 ಲಕ್ಷವನ್ನು ಹೊಸ ಮನೆಯ ಮೇಲೆ ಹೊತ್ತರೆ? ಕಟ್ಟುವ ಬಡ್ಡಿ ಅಷ್ಟೇ ಇರುತ್ತದೆ, ಹೊಸ ಪದ್ಧತಿಯಲ್ಲಿ ಶೇ 30ರ ಸ್ತರದವರಿಗೆ ಸೆಸ್ ಸೇರಿ ಸುಮಾರು 63 ಸಾವಿರ ತೆರಿಗೆ ಮೇಲಿಂದ ಬೀಳುತ್ತದೆ. ಉಳಿತಾಯ ಹೊಸ ಮನೆಗೆ ಹೋಗಲಿ, ಸಾಲ ಹಳೇ ಮನೆಯಲ್ಲೇ ಇರಲಿ ಎನ್ನುವುದು ಇದಕ್ಕೇ.

ಒಮ್ಮೆ ತೀರಿಸಿದರೆ ಹಿಂದಿರುಗುವ ದಾರಿಯಿಲ್ಲ. ಹಳೇ ಮನೆಯನ್ನೇ ಮತ್ತೆ ಅಡವಿಟ್ಟು ಹೊಸ ಮನೆಗೆ ಹಣ ತಂದರೂ ಆ ಬಡ್ಡಿ ಹಳೇ ಮನೆಯ ಬಾಡಿಗೆಗೆ ವಜಾ ಆಗದು. ಯಾವ ಮನೆ ಅಡವಿದೆ ಎಂಬುದನ್ನು ಇಲಾಖೆ ನೋಡುವುದಿಲ್ಲ, ಹಣ ಎಲ್ಲಿ ಖರ್ಚಾಯಿತು ಎಂಬುದನ್ನು ನೋಡುತ್ತದೆ. ಬಡ್ಡಿ ಕಡಿಮೆಯೆಂದು ಬಾಕಿ ಸಾಲವನ್ನು ಬೇರೆ ಬ್ಯಾಂಕಿಗೆ ವರ್ಗಾಯಿಸಿದರೆ ತೊಂದರೆಯಿಲ್ಲ. ಮೂಲ ಸಾಲ ತೀರಿಸಲು ತಂದ ಸಾಲದ ಬಡ್ಡಿಯನ್ನು 1969ರ ಸುತ್ತೋಲೆಯೇ ಒಪ್ಪಿದೆ. ಆದರೆ ವರ್ಗಾಯಿಸುವಾಗ ಮಗಳ ಮದುವೆಗೆಂದು ಟಾಪ್-ಅಪ್ ಸೇರಿಸಿಕೊಂಡರೆ ಆ ಭಾಗದ ಬಡ್ಡಿಗೆ ವಿನಾಯಿತಿ ಇಲ್ಲ. ಬಾಡಿಗೆಗೆ ಕೊಡುವ ಮುನ್ನ ಸಂಪಿನ ಸೋರಿಕೆ, ವೈರಿಂಗ್ ರಿಪೇರಿಗೆ ಮಾಡಿದ ಸಾಲಕ್ಕೆ ಇದೆ. ಎರಡಕ್ಕೂ ಬೇರೆ ಬೇರೆ ಸಾಲದ ಖಾತೆ ಕೇಳಿ ಪಡೆಯಿರಿ, ರಿಪೇರಿ ಬಿಲ್ಲು ಎತ್ತಿಡಿ.

ಬಡ್ಡಿ ಬಾಡಿಗೆಯನ್ನು ಮೀರಿದರೆ ಹಳೇ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷದವರೆಗಿನ ನಷ್ಟವನ್ನು ಸಂಬಳದಿಂದ ಕಳೆಯಬಹುದು, ಮಿಕ್ಕಿದ್ದು 8 ವರ್ಷ ಮುಂದಕ್ಕೆ ಹೋಗುತ್ತದೆ. ಹೊಸ ಪದ್ಧತಿಯಲ್ಲಿ ಸಂಬಳದಿಂದ ಕಳೆಯುವಂತಿಲ್ಲ. ಹಾಗಾಗಿ ಅಲ್ಲಿರುವವರು ಬಾಡಿಗೆಗೆ ಸರಿದೂಗುವಷ್ಟು ಸಾಲ ಉಳಿಸಿಕೊಂಡು ಹೆಚ್ಚಿನದನ್ನು ತೀರಿಸುವುದೇ ಲೇಸು.

ಪಾಲಿಕೆಯ ವಿಷಯವೂ ಇದೆ. 2008ರಲ್ಲಿ ಬಂದ ಘಟಕ ವಿಸ್ತೀರ್ಣ ಪದ್ಧತಿಯಲ್ಲಿ ಬಾಡಿಗೆ ಮನೆಯ ಆಸ್ತಿ ತೆರಿಗೆ ದರ ಸ್ವಂತ ವಾಸದ್ದರ ಇಮ್ಮಡಿ. ಬಾಡಿಗೆದಾರರು ಬಂದ ಮೇಲೆ ಸ್ವಯಂಘೋಷಣೆಯಲ್ಲಿ ಅದನ್ನು ತಿದ್ದಿಸಿ, ವರ್ಷದೊಳಗೇ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಆ ವರ್ಷ ನೀವೇ ಕಟ್ಟಿದ್ದಷ್ಟೇ ಬಾಡಿಗೆಯಿಂದ ಕಳೆಯಲು ಸಿಗುತ್ತದೆ.