ಒಂದು ಕಂಠ, ಹಲವು ವೇದಿಕೆ

ಜನಪ್ರಿಯ ಗೀತೆಗಳ ಆಯುಷ್ಯ ಬಹಳ ಅಲ್ಪವಾದುದು. ಬೀದಿ ಬೀದಿಯಲ್ಲಿ ಕೇಳಿಬರುತ್ತಿದ್ದ ಹಾಡು ವರ್ಷ ತಿರುಗುವಷ್ಟರಲ್ಲಿ ಮರೆತುಹೋಗುತ್ತದೆ. ಅದನ್ನು ಹಾಡಿದವರ ಹೆಸರೂ ಅದರ ಬೆನ್ನಿಗೇ ಮರೆಯಾಗುತ್ತದೆ. ಪಶ್ಚಿಮದಲ್ಲಿ ಇಂಥ ಗೀತೆಗಳಿಗೆ ‘ಪಾಪ್’ ಎಂಬ ಹೆಸರುಂಟು. ‘ಜನಪ್ರಿಯ’ ಎಂಬರ್ಥದ ಇಂಗ್ಲಿಷ್ ಪದದ ಮೊಟಕು ರೂಪವಿದು. ಹಳೆಯ ಧ್ವನಿಮುದ್ರಿಕೆಯ ಒಂದು ಮುಖದಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು. ಆದುದರಿಂದ ಪಾಪ್ ಗೀತೆಯ ಅಳತೆಯೂ ಮೂರು ನಿಮಿಷವೇ ಆಯಿತು. ಮುದ್ರಿಕೆಗಳ ಮಾರಾಟವನ್ನು ಲೆಕ್ಕ ಹಾಕಿ ವಾರವಾರವೂ ಒಂದು ಪಟ್ಟಿಯನ್ನು ಪ್ರಕಟಿಸುವ ಪದ್ಧತಿ ಬಂದ ಮೇಲಂತೂ ಹಾಡುಗಾರರ ಏರಿಳಿತವನ್ನು ಜನ ಪೇಟೆಯ ಧಾರಣೆಯಂತೆ ನೋಡತೊಡಗಿದರು.

ಇಂಥ ಚಂಚಲವಾದ ಲೋಕದಲ್ಲಿ ಬ್ರಿಟನ್ನಿನ ಪೆಟುಲಾ ಕ್ಲಾರ್ಕ್ ಅವರು 1942ರಲ್ಲಿ ತಮ್ಮ ಒಂಬತ್ತನೆಯ ವಯಸ್ಸಿನಲ್ಲಿ ಬಾನುಲಿಯ ಮುಂದೆ ನಿಂತು ಹಾಡಿದರು. 2021ರಲ್ಲಿ ಲಂಡನ್ನಿನ ರಂಗಮಂದಿರವೊಂದರಲ್ಲಿ ಇನ್ನೂ ಹಾಡುತ್ತಿದ್ದರು. ನಡುವೆ ಎಪ್ಪತ್ತೊಂಬತ್ತು ವರ್ಷಗಳು! ಇದಕ್ಕೆ ಕಂಠಮಾಧುರ್ಯವೊಂದೇ ಕಾರಣವೆಂದರೆ ಮಾತು ಪೂರ್ತಿಯಾಗುವುದಿಲ್ಲ. ಮಧುರ ಕಂಠದವರು ಎಷ್ಟೋ ಮಂದಿ ಬಂದು ಹೋಗಿದ್ದಾರೆ. ಲೋಕ ತನಗೆ ಕೊಟ್ಟ ಚಿತ್ರದ ಚೌಕಟ್ಟಿನಿಂದ ಈಕೆ ಮತ್ತೆ ಮತ್ತೆ ಹೊರಗೆ ಬಂದರು ಎಂಬುದೇ ನನ್ನ ದೃಷ್ಟಿಯಲ್ಲಿ ಮುಖ್ಯವಾದ ಸಂಗತಿ.

ಪೆಟುಲಾ ಹುಟ್ಟಿದ್ದು 1932ರ ನವೆಂಬರ್ 15ರಂದು, ಇಂಗ್ಲೆಂಡಿನ ಸರ‍್ರೆ ಪ್ರಾಂತದಲ್ಲಿ. ತಾಯಿ ವೇಲ್ಸ್ ನಾಡಿನವರು. ಆ ನಾಡಿನ ಗಣಿಪ್ರದೇಶದಲ್ಲಿದ್ದ ಅಜ್ಜ ಅಜ್ಜಿಯರ ಮನೆಗೆ ಹೋದಾಗಲೆಲ್ಲ ಹುಡುಗಿ ಅಲ್ಲಿಯ ಪ್ರಾರ್ಥನಾ ಮಂದಿರದಲ್ಲಿ ಹಾಡುತ್ತಿದ್ದಳು. ಅವಳ ಮೊದಲ ಕೇಳುಗರು ಅವರೇ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಹೊರದೇಶಗಳಲ್ಲಿದ್ದ ಸೈನಿಕರಿಗೆ ಅವರ ಬಂಧುಗಳ ಮಕ್ಕಳಿಂದ ಸಂದೇಶ ಹೇಳಿಸುವ ಕಾರ್ಯಕ್ರಮವೊಂದನ್ನು ಬಿ.ಬಿ.ಸಿ. ನಡೆಸುತ್ತಿತ್ತು. 1942ರ ಅಕ್ಟೋಬರಿನಲ್ಲಿ ಪೆಟುಲಾ ತನ್ನ ಬಂಧುವೊಬ್ಬರಿಗೆ ಸಂದೇಶ ಕಳುಹಿಸಲೆಂದು ತಂದೆಯೊಡನೆ ಲಂಡನ್ನಿಗೆ ಹೋದಳು. ಆ ಹೊತ್ತಿಗೆ ಸರಿಯಾಗಿ ವಿಮಾನದಾಳಿಯಾಯಿತು. ಕಾರ್ಯಕ್ರಮ ನಿಂತಿತು, ಸೇರಿದ್ದ ಜನ ಕಳವಳಗೊಂಡರು. ಅವರನ್ನು ಸಮಾಧಾನಪಡಿಸಲು ಯಾರಾದರೂ ಹಾಡುವಿರಾ ಎಂದು ನಿರ್ಮಾಪಕರು ಕೇಳಿದಾಗ ಎದ್ದು ನಿಂತವಳು ಈ ಹುಡುಗಿ. ಸಂದೇಶ ಹೇಳಲು ಬಂದವಳು ಹಾಡುಗಾತಿಯಾಗಿ ಮನೆಗೆ ಹಿಂದಿರುಗಿದಳು. ಆಮೇಲೆ ಸೈನಿಕರಿಗಾಗಿ ನಡೆದ ನೂರಾರು ಕಾರ್ಯಕ್ರಮಗಳಲ್ಲಿ ಅವಳ ದನಿ ಕೇಳಿಬಂತು. ಅವಳ ಚಿತ್ರವನ್ನು ಸೈನಿಕರು ಶುಭಶಕುನವೆಂದು ತಮ್ಮ ಟ್ಯಾಂಕುಗಳಿಗೆ ಅಂಟಿಸಿಕೊಳ್ಳುತ್ತಿದ್ದರಂತೆ. ಶಿಬಿರದಿಂದ ಶಿಬಿರಕ್ಕೆ ರೈಲಿನಲ್ಲಿ ಹೋಗುವಾಗ ಅವಳ ಜೊತೆಗೆ ಹಾಡುವ ಇನ್ನೊಬ್ಬ ಪುಟ್ಟ ಹುಡುಗಿ ಇರುತ್ತಿದ್ದಳು. ಅವಳೇ ಮುಂದೆ ಚಲನಚಿತ್ರಗಳಿಂದ ಜಗತ್ಪ್ರಸಿದ್ಧಳಾದ ಜೂಲಿ ಆಂಡ್ರೂಸ್.

ಇಲ್ಲಿ ಬಾನುಲಿಯ ಗುಣವನ್ನು ಕುರಿತು ಒಂದು ಮಾತು ಹೇಳಬೇಕು. ಮೈಕ್ರೊಫೋನು ಇಲ್ಲದ ಕಾಲದಲ್ಲಿ ಹಾಡುಗಾರರು ಸಭೆಯ ಕೊನೆಯ ಸಾಲಿಗೆ ಕೇಳುವಂತೆ ಕಂಠವನ್ನು ಏರಿಸಬೇಕಾಗಿತ್ತು. ನಮ್ಮ ಕಂಪನಿ ನಾಟಕಗಳ ನಟರನ್ನು ನೆನೆದರೆ ಇದು ಅರ್ಥವಾದೀತು. ಮೈಕ್ರೊಫೋನು ಈ ಅಗತ್ಯವನ್ನು ತೊಡೆದುಹಾಕಿತು. ಪಿಸುಮಾತೂ ಸಾವಿರ ಮನೆಗಳನ್ನು ಮುಟ್ಟಬಲ್ಲದಾಯಿತು. ಹಾಡು ಸಭೆಗೆ ಹೇಳಿದ್ದೆಂಬ ಭಾವ ಹೋಗಿ, ತನ್ನೊಬ್ಬನಿಗೇ ಹೇಳಿದ್ದೆಂಬ ಭಾವ ಕೇಳುಗನಲ್ಲಿ ಮೂಡಿತು. ಪೆಟುಲಾ ಈ ಕಲೆಯನ್ನು ಬಾಲ್ಯದಲ್ಲೇ, ಕಲಿಯುತ್ತಿದ್ದೇನೆಂಬ ಅರಿವಿಲ್ಲದೆಯೇ ಕಲಿತರು.

ಆದರೆ ಬಾಲ್ಯದ ಕೀರ್ತಿ ಒಂದು ಬಗೆಯ ಬಂಧನ. 1944ರಿಂದ ಚಲನಚಿತ್ರಗಳೂ, ಯುದ್ಧ ಮುಗಿದ ಮೇಲೆ ದೂರದರ್ಶನವೂ ಅವರನ್ನು ಕರೆದುವು. ಎಲ್ಲ ಕಡೆಯೂ ಜನ ಬಯಸಿದ್ದು ಯುದ್ಧಕಾಲದ ಆ ಪುಟ್ಟ ಹುಡುಗಿಯನ್ನೇ. ಪ್ರಾಯಕ್ಕೆ ಬಂದ ಮೇಲೂ ಅವರಿಗೆ ಎಳೆಯ ಹುಡುಗಿಯ ಉಡುಪು, ಎಳೆಯ ಹುಡುಗಿಯ ಪಾತ್ರ. ದುಡಿಮೆಯ ವ್ಯವಹಾರವೆಲ್ಲ ತಂದೆಯ ಕೈಯಲ್ಲಿತ್ತು. 1949ರಲ್ಲಿ ಮೊದಲ ಧ್ವನಿಮುದ್ರಿಕೆ ಬಂತು; 1954ರಲ್ಲಿ ಅವರ ಹಾಡು ಮೊದಲ ಬಾರಿಗೆ ಬ್ರಿಟನ್ನಿನ ಪಟ್ಟಿಯ ಮೇಲಣ ಹತ್ತರೊಳಗೆ ಸೇರಿತು. ಆದರೂ ತಾನು ಬೆಳೆದಿದ್ದೇನೆಂದು ತನ್ನ ನಾಡಿನವರಿಗೆ ತಿಳಿಯಪಡಿಸುವುದು ಹೇಗೆಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಉತ್ತರ ದೊರೆತದ್ದು ಪರನಾಡಿನಲ್ಲಿ. 1957ರಲ್ಲಿ ಪ್ಯಾರಿಸ್ಸಿನ ಪ್ರಖ್ಯಾತ ‘ಒಲಿಂಪಿಯಾ’ ಸಭಾಂಗಣದಲ್ಲಿ ಹಾಡಲು ಅವರಿಗೆ ಆಹ್ವಾನ ಬಂತು. ಮನಸ್ಸಿನಲ್ಲಿ ಅಳುಕು, ಸಾಲದೆಂಬಂತೆ ವಿಪರೀತ ನೆಗಡಿ. ಹಾಗಿದ್ದೂ ಸಭೆ ಅವರನ್ನು ಸಂಭ್ರಮದಿಂದ ಬರಮಾಡಿಕೊಂಡಿತು. ಯುದ್ಧಕಾಲದ ಹುಡುಗಿಯ ಚಿತ್ರ ಆ ಜನರ ಮನಸ್ಸಿನಲ್ಲಿರಲಿಲ್ಲ. ಅವರು ಕಂಡದ್ದು ಇಪ್ಪತ್ತನಾಲ್ಕು ವರ್ಷದ ಗಾಯಕಿಯನ್ನು ಮಾತ್ರ. ಮರುದಿನ ಅಲ್ಲಿಯ ಧ್ವನಿಮುದ್ರಣ ಸಂಸ್ಥೆಯಲ್ಲಿ ಪರಿಚಯವಾದ ಕ್ಲೋದ್ ವುಲ್ಫ್ ಅವರನ್ನೇ 1961ರಲ್ಲಿ ವರಿಸಿದರು.

ಆಗ ಪೆಟುಲಾ ಅವರಿಗೆ ಫ್ರೆಂಚ್ ಭಾಷೆ ಸರಿಯಾಗಿ ಬರುತ್ತಿರಲಿಲ್ಲ. ಮೊದಮೊದಲು ಪದಗಳ ಉಚ್ಚಾರವನ್ನಷ್ಟೇ ಬಾಯಿಪಾಠ ಮಾಡಿ ಹಾಡಿದರು. ಕ್ರಮೇಣ ಭಾಷೆ ವಶವಾಯಿತು. ಆದರೆ ಇಂಗ್ಲಿಷಿನ ಧಾಟಿ ಪೂರ್ತಿಯಾಗಿ ಹೋಗಲಿಲ್ಲ. ತಮ್ಮ ಭಾಷೆಯ ಶುದ್ಧಿಯ ವಿಷಯದಲ್ಲಿ ಬಹಳ ಕಟ್ಟುನಿಟ್ಟಿನವರೆಂದು ಹೆಸರಾದ ಫ್ರೆಂಚರು ಈಕೆಯ ಉಚ್ಚಾರದ ಆ ಊನವನ್ನೇ ಮೆಚ್ಚಿಕೊಂಡರೆಂಬುದು ಸೋಜಿಗ. ಮುಂದೆ ಇಟಾಲಿಯನ್, ಜರ್ಮನ್ ಭಾಷೆಗಳಲ್ಲಿಯೂ ಅವರ ಮುದ್ರಿಕೆಗಳು ಬಂದುವು.

ಎಲ್ಲರಿಗೂ ಗೊತ್ತಿರುವ ಅವರ ಗೀತೆ ‘ಡೌನ್‌ಟೌನ್’. 1964ರಲ್ಲಿ ಟೋನಿ ಹ್ಯಾಚ್ ಎಂಬ ಸಂಗೀತ ಸಂಯೋಜಕರು ಹೊಸ ಹಾಡುಗಳನ್ನು ಕೇಳಿಸಲು ಪ್ಯಾರಿಸ್ಸಿಗೆ ಬಂದರು. ಅವರು ತಂದ ಹಾಡುಗಳಾವುವೂ ಪೆಟುಲಾ ಅವರಿಗೆ ಹಿಡಿಸಲಿಲ್ಲ. ಕೊನೆಗೆ ಹ್ಯಾಚ್ ಅವರು ಸಾಹಿತ್ಯವಿನ್ನೂ ಮುಗಿಯದಿದ್ದ ಒಂದು ಧಾಟಿಯನ್ನು ಪಿಯಾನೋದ ಮೇಲೆ ನುಡಿಸಿದರು. ಮೊದಲ ಸಲ ನ್ಯೂಯಾರ್ಕಿಗೆ ಹೋಗಿದ್ದಾಗ ಅಲ್ಲಿಯ ದೀಪಗಳ ಬೆಡಗಿಗೆ ಮನಸೋತು ಅವರು ಹೆಣೆದ ಧಾಟಿಯದು. ಅಮೆರಿಕದ ಪಟ್ಟಣಗಳಲ್ಲಿ ಡೌನ್‌ಟೌನ್ ಎಂದರೆ ಅಂಗಡಿ, ನಾಟಕಶಾಲೆಗಳಿಂದ ಗಿಜಿಗುಟ್ಟುವ ನಡುಪೇಟೆ. (ನ್ಯೂಯಾರ್ಕಿನಲ್ಲಿ ಮಾತ್ರ ಆ ಹೆಸರು ಬೇರೊಂದು ಭಾಗಕ್ಕೆ ಸಲ್ಲುತ್ತದೆ. ಹೊಸಬರಾದ ಹ್ಯಾಚ್ ಅವರಿಗೆ ಇದು ತಿಳಿದಿರಲಿಲ್ಲ.) ಇದಕ್ಕೆ ಒಳ್ಳೆಯ ಸಾಹಿತ್ಯ ಬರೆದರೆ ಹಾಡುತ್ತೇನೆಂದು ಪೆಟುಲಾ ಒಪ್ಪಿದರು. ಅಕ್ಟೋಬರ್ 16ರಂದು ಲಂಡನ್ನಿನಲ್ಲಿ ಮುದ್ರಣವಾಯಿತು. ಒಂಟಿತನದಿಂದ ಕುಗ್ಗಿದವರನ್ನು ಊರ ನಡುವಿನ ಬೆಳಕಿಗೆ, ಜನಸಂದಣಿಗೆ ಕರೆಯುವ ಗೀತೆಯಿದು. ಕುಣಿತದ ಲಯವಿದ್ದರೂ ಕರೆಯುವ ದನಿಯಲ್ಲಿ ಸಣ್ಣದೊಂದು ವಿಷಾದವಿದೆ; ಹಾಡು ಬಾಳಿದ್ದು ಅದರಿಂದಲೇ ಎಂದು ನನಗೆ ತೋರುತ್ತದೆ. 1965ರ ಜನವರಿಯಲ್ಲಿ ಅದು ಅಮೆರಿಕದ ಪಟ್ಟಿಯ ಮೊದಲ ಸ್ಥಾನಕ್ಕೇರಿತು.

ಮುಂದಿನ ಹಾಡುಗಳ ಕಥೆಯನ್ನೆಲ್ಲ ಹೇಳುವುದು ಬೇಡ. ಒಂದನ್ನು ಮಾತ್ರ ಬಿಡಲಾಗದು. 1967ರಲ್ಲಿ ಚಾರ್ಲಿ ಚಾಪ್ಲಿನ್ ತಮ್ಮ ಚಲನಚಿತ್ರವೊಂದಕ್ಕಾಗಿ ರಚಿಸಿದ ಗೀತೆಯನ್ನು ಪೆಟುಲಾ ಹಾಡಿದರು. ಅದರ ಇಂಗ್ಲಿಷ್ ಸಾಹಿತ್ಯ ತೀರ ಹಳೆಯ ಕಾಲದ್ದೆಂದು ಅವರಿಗೆ ಅದನ್ನು ಹಾಡಲು ಮನಸ್ಸಿರಲಿಲ್ಲ. ಚಾಪ್ಲಿನ್ನರಿಗೆ ಒಂದು ಪದವನ್ನೂ ಬದಲಿಸುವ ಮನಸ್ಸಿರಲಿಲ್ಲ. ಬೇರೆ ಭಾಷೆಗಳಲ್ಲಿ ಹಾಡಿ ಮುಗಿಸಿ, ಕೊನೆಗೆ ಒಲ್ಲದ ಮನಸ್ಸಿನಿಂದ ಇಂಗ್ಲಿಷಿನಲ್ಲಿ ಹಾಡಿದರು. ಬ್ರಿಟನ್ನಿನ ಪಟ್ಟಿಯಲ್ಲಿ ಅದಕ್ಕೆ ಮೊದಲ ಸ್ಥಾನ ಸಿಕ್ಕಿತು!

ಈಗ ಅವರ ಬದುಕಿನ ಬಹು ದೊಡ್ಡ ಪರೀಕ್ಷೆಯ ಪ್ರಸಂಗಕ್ಕೆ ಬರೋಣ. ಅಮೆರಿಕದ ದೂರದರ್ಶನ ಜಾಹೀರಾತುದಾರರ ಹಣದಿಂದ ನಡೆಯುವಂಥದು. ಹಣ ತೊಡಗಿಸಿದ ಕಂಪನಿಗೆ ಕಾರ್ಯಕ್ರಮದಲ್ಲಿ ಏನಿರಬೇಕು, ಏನಿರಬಾರದು ಎನ್ನುವ ಅಧಿಕಾರವೂ ಆಗ ಇರುತ್ತಿತ್ತು. 1968ರಲ್ಲಿ ಪೆಟುಲಾ ಅವರ ಹೆಸರಿನಲ್ಲೇ ಒಂದು ವಿಶೇಷ ಕಾರ್ಯಕ್ರಮ ಸಿದ್ಧವಾಯಿತು. ಅತಿಥಿಯಾಗಿ ಬಂದವರು ಕರಿಯ ಜನಾಂಗದ ಪ್ರಖ್ಯಾತ ಗಾಯಕ ಹ್ಯಾರಿ ಬೆಲಫಾಂಟೆ. ಕರಿಯರ ಹಕ್ಕುಗಳ ಹೋರಾಟದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಆಪ್ತ ಸಂಗಾತಿ. ಯುದ್ಧದ ದುಃಖವನ್ನು ಕುರಿತು ಪೆಟುಲಾ ಅವರೇ ರಚಿಸಿದ್ದ ಗೀತೆಯನ್ನು ಇಬ್ಬರೂ ಒಟ್ಟಿಗೆ ಹಾಡಿದರು. ಹಾಡುತ್ತ ಹಾಡುತ್ತ ಪೆಟುಲಾ ಅವರ ಕೈ ತಾನಾಗಿ ಬೆಲಫಾಂಟೆ ಅವರ ತೋಳಿನ ಮೇಲೆ ನಿಂತಿತು.

ನಡೆದದ್ದು ಇಷ್ಟೇ. ಇಂದಿನ ಓದುಗರಿಗೆ ಇದರಲ್ಲಿ ವಿಶೇಷವೇನೂ ಕಾಣದು. ಆದರೆ ಅಂದಿನ ಸ್ಥಿತಿಯನ್ನು ನೆನೆಯಿರಿ. ಕರಿಯರೂ ಬಿಳಿಯರೂ ಮದುವೆಯಾಗಕೂಡದೆಂಬ ಶಾಸನವನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ರದ್ದುಪಡಿಸಿ ಆಗ ಒಂದು ವರ್ಷವೂ ಕಳೆದಿರಲಿಲ್ಲ. ಹಣ ತೊಡಗಿಸಿದ್ದ ಮೋಟಾರು ಕಂಪನಿಯ ಪ್ರತಿನಿಧಿ ಕೂಡಲೇ ಆಕ್ಷೇಪಿಸಿದರು. ದಕ್ಷಿಣದ ರಾಜ್ಯಗಳ ಬಿಳಿಯರು ಕೆರಳಿದರೆ ಕಾರುಗಳ ಮಾರಾಟಕ್ಕೆ ಧಕ್ಕೆ ಎಂಬ ಭಯ ಅವರದು. ಇಬ್ಬರೂ ದೂರ ದೂರ ನಿಂತು ಹಾಡಿದ ಬೇರೆ ಚಿತ್ರಿಕೆಗಳಿದ್ದುವು. ಅವುಗಳಲ್ಲಿ ಒಂದನ್ನು ಹಾಕಿ ಎಂದು ಒತ್ತಾಯಿಸಿದರು. ಪೆಟುಲಾ ಒಪ್ಪಲಿಲ್ಲ. ಕಾರ್ಯಕ್ರಮದ ನಿರ್ಮಾಣದ ಹೊಣೆ ಹೊತ್ತಿದ್ದ ಪತಿ ವುಲ್ಫ್ ಅವರೂ, ನಿರ್ದೇಶಕ ಸ್ಟೀವ್ ಬೈಂಡರ್ ಅವರೂ ಒಪ್ಪಲಿಲ್ಲ. ಬರಿಯ ವಾದದಿಂದ ಗೆಲ್ಲುವುದು ಕಷ್ಟವೆಂದು ತಿಳಿದು, ಉಳಿದ ಚಿತ್ರಿಕೆಗಳನ್ನೆಲ್ಲ ಅಳಿಸಿಬಿಟ್ಟರು! ಕೈ ತೋಳನ್ನು ಮುಟ್ಟಿದ ಆ ಒಂದು ಚಿತ್ರಿಕೆಯ ಹೊರತು ಬೇರೇನೂ ಉಳಿಯಲಿಲ್ಲ. ಏಪ್ರಿಲ್ ತಿಂಗಳಿನಲ್ಲಿ ಕಾರ್ಯಕ್ರಮ ಹಾಗೆಯೇ ಪ್ರಸಾರವಾಯಿತು. ಕಿಂಗ್ ಅವರು ಗುಂಡಿಗೆ ಬಲಿಯಾದದ್ದು ಅದೇ ತಿಂಗಳಿನಲ್ಲಿ. ಪರದೇಶದಿಂದ ಬಂದ ಗಾಯಕಿಗೆ ಅಮೆರಿಕದ ಪೇಟೆಯ ಬಾಗಿಲು ಮುಚ್ಚಿಹೋಗಬಹುದಾಗಿದ್ದ ಗಳಿಗೆ ಅದು. ಬಾನುಲಿಯಲ್ಲಿ ಕಂಠ ಮಾತ್ರ ಇರುತ್ತದೆ. ದೂರದರ್ಶನದಲ್ಲಿ ಕೈಯೂ ಮಾತನಾಡುತ್ತದೆ.

ಮರುವರ್ಷ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಮತ್ತೊಂದು ಬಗೆಯ ಕಷ್ಟ. ಅಲ್ಲಿ ಎರಡು ಭಾಷೆಯ ಜನ. ಇಬ್ಬರನ್ನೂ ಸಂತೋಷಪಡಿಸಲೆಂದು ಪೆಟುಲಾ ಎರಡು ಭಾಷೆಗಳಲ್ಲಿಯೂ ಹಾಡಿದರು. ಫ್ರೆಂಚಿನಲ್ಲಿ ಹಾಡಿದಾಗ ಇಂಗ್ಲಿಷರ ಕೂಗು, ಇಂಗ್ಲಿಷಿನಲ್ಲಿ ಹಾಡಿದಾಗ ಫ್ರೆಂಚರ ಕೂಗು. ಗಡಿನಾಡಿನಲ್ಲಿ ಬಾಳಿದವರಿಗೆ ಈ ಸನ್ನಿವೇಶವನ್ನು ಬಿಡಿಸಿ ಹೇಳಬೇಕಾಗಿಲ್ಲ. ನೊಂದ ಪೆಟುಲಾ ಅದೇ ಊರಿನ ಹೋಟೆಲಿನಲ್ಲಿ ಶಾಂತಿಗಾಗಿ ಸತ್ಯಾಗ್ರಹದ ಮಾದರಿಯ ಪ್ರದರ್ಶನ ನಡೆಸುತ್ತಿದ್ದ ಜಾನ್ ಲೆನನ್ ಅವರ ಸಲಹೆ ಕೇಳಲು ಹೋದರು. ಅಲ್ಲಿ ಮುದ್ರಣವಾಗುತ್ತಿದ್ದ ಶಾಂತಿಗೀತೆಯ ಮೇಳಕ್ಕೆ ಅವರ ಕಂಠವೂ ಸೇರಿಕೊಂಡಿತು.

ನಲವತ್ತು ದಾಟಿದ ಪಾಪ್ ಗಾಯಕಿಯರು ಹಳೆಯ ಹಾಡುಗಳನ್ನೇ ಹಾಡಿಕೊಂಡು ಊರೂರು ತಿರುಗುವುದುಂಟು. ಪೆಟುಲಾ ರಂಗಭೂಮಿಗೆ ಹೋದರು. ಅಲ್ಲಿ ಮಾತು, ಹಾಡು, ಅಭಿನಯ ಮೂರೂ ಬೆರೆತ ಸಂಗೀತ ನಾಟಕವನ್ನು ವಾರಕ್ಕೆ ಎಂಟು ಬಾರಿ ಆಡಬೇಕು. ಮುದ್ರಣಾಲಯದಲ್ಲಿ ತಪ್ಪಿದರೆ ಮತ್ತೆ ಹಾಡಬಹುದು. ರಂಗದ ಮೇಲೆ ಅದಕ್ಕೆ ಅವಕಾಶವಿಲ್ಲ. ಪತಿಯ ಒತ್ತಾಯದಿಂದ 1981ರಲ್ಲಿ ‘ದಿ ಸೌಂಡ್ ಆಫ್ ಮ್ಯೂಸಿಕ್’ ನಾಟಕದ ತರುಣಿ ಮರಿಯಾಳ ಪಾತ್ರವನ್ನು ವಹಿಸಿದರು. ಆಗ ಅವರಿಗೆ ನಲವತ್ತೆಂಟು ವರ್ಷ. ಯಾರ ಬದುಕನ್ನು ಆಧರಿಸಿ ಆ ನಾಟಕ ಹುಟ್ಟಿತೋ ಆ ಮರಿಯಾ ಫಾನ್ ಟ್ರಾಪ್ ಅವರೇ ಈ ಅಭಿನಯವನ್ನು ಮನಸಾರೆ ಕೊಂಡಾಡಿದರು. 1993ರಲ್ಲಿ ‘ಬ್ಲಡ್ ಬ್ರದರ್ಸ್’ ನಾಟಕದಲ್ಲಿ, ಅವಳಿ ಮಕ್ಕಳಲ್ಲೊಂದನ್ನು ಬಡತನದಿಂದಾಗಿ ಪರರಿಗೆ ಒಪ್ಪಿಸಿದ ತಾಯಿಯಾಗಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಕ್ಕೆ ಮೊದಲ ಬಾರಿ ಕಾಲಿಟ್ಟರು.

1995ರಲ್ಲಿ ‘ಸನ್‌ಸೆಟ್ ಬುಲೆವಾರ್ಡ್’ ನಾಟಕದ ನಾರ್ಮಾ ಡೆಸ್ಮಂಡಳ ಪಾತ್ರ ಬಂತು. ನಾರ್ಮಾ ಮೂಕಿಚಿತ್ರಗಳ ಕಾಲದ ತಾರೆ. ಜನ ತನ್ನನ್ನು ಮರೆತಿದ್ದಾರೆಂಬುದನ್ನು ಒಪ್ಪಲಾರದೆ, ತನ್ನವೇ ಹಳೆಯ ಚಿತ್ರಗಳನ್ನು ನೋಡುತ್ತ ದೊಡ್ಡ ಮನೆಯೊಳಗೆ ಕೊಳೆಯುವವಳು. ಬಾಲ್ಯದ ಭಾವಚಿತ್ರದಿಂದ ಹೊರಬರಲು ದೇಶವನ್ನೂ ಭಾಷೆಯನ್ನೂ ಬದಲಿಸಿದ್ದ ಪೆಟುಲಾ ಈ ಪಾತ್ರವನ್ನು ಒಳಗಿನಿಂದ ಬಲ್ಲವರಾಗಿದ್ದರು. ಲಂಡನ್ನಿನಲ್ಲಿ, ಆಮೇಲೆ ಅಮೆರಿಕದ ಪ್ರವಾಸದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಬಾರಿ ಅವರು ಆ ಪಾತ್ರದಲ್ಲಿ ಕಾಣಿಸಿಕೊಂಡರು.

ಎಂಬತ್ತು ದಾಟಿದ ಮೇಲೆಯೂ ಮುದ್ರಣಗಳು ನಿಲ್ಲಲಿಲ್ಲ. 2013ರಲ್ಲಿಯೂ 2016ರಲ್ಲಿಯೂ ಇಂಗ್ಲಿಷ್ ಗೀತೆಗಳ ಸಂಕಲನಗಳು ಬಂದುವು. 2018ರಲ್ಲಿ ಫ್ರೆಂಚ್ ಗೀತೆಗಳ ಸಂಕಲನ ಬಂದದ್ದು, ಒಮ್ಮೆ ಅವರನ್ನು ಕೂಗಿ ಅವಮಾನಿಸಿದ್ದ ಕೆನಡಾದ ಅದೇ ಪ್ರಾಂತದಿಂದ. 2019ರಲ್ಲಿ, ಎಂಬತ್ತೇಳು ತುಂಬುವ ಹೊತ್ತಿಗೆ, ಲಂಡನ್ನಿನಲ್ಲಿ ‘ಮೇರಿ ಪಾಪಿನ್ಸ್’ ನಾಟಕದ ಹಕ್ಕಿಗಳ ಮುದುಕಿಯಾದರು. 1964ರ ಚಲನಚಿತ್ರದಲ್ಲಿ ಮೇರಿ ಪಾಪಿನ್ಸ್ ಆಗಿದ್ದವರು ಯುದ್ಧಕಾಲದ ರೈಲಿನ ಗೆಳತಿ ಜೂಲಿ ಆಂಡ್ರೂಸ್. ಹಕ್ಕಿಗಳ ಮುದುಕಿಯದು ಚಿಕ್ಕ ಪಾತ್ರ. ಚರ್ಚಿನ ಮೆಟ್ಟಿಲ ಮೇಲೆ ಕುಳಿತು, ಹಕ್ಕಿಗಳಿಗೆ ಹಾಕಲು ರೊಟ್ಟಿಯ ಚೂರು ಮಾರುವುದು. ಹಾಡಬೇಕಾದದ್ದು ಒಂದೇ ಹಾಡು. 2020ರ ಮಾರ್ಚಿಯಲ್ಲಿ ಕೋವಿಡ್ ಸಾಂಕ್ರಾಮಿಕದಿಂದ ಲಂಡನ್ನಿನ ನಾಟಕಶಾಲೆಗಳೆಲ್ಲ ಮುಚ್ಚಿದುವು. 2021ರ ಆಗಸ್ಟಿನಲ್ಲಿ ಆ ನಾಟಕ ಮತ್ತೆ ಆರಂಭವಾದಾಗ ಮೆಟ್ಟಿಲ ಮೇಲೆ ರೊಟ್ಟಿಯ ಚೂರಿನ ಚೀಲ ಹಿಡಿದು ಕುಳಿತಿದ್ದವರು ಪೆಟುಲಾ ಕ್ಲಾರ್ಕ್ ಅವರೇ.