ಅಡಿಪಾಯ ತುಂಬುವ ಮುನ್ನ ಕೇಳಬೇಕಾದ ಪ್ರಶ್ನೆ

ಸಯನಿನಲ್ಲಿ ಹಳೆಯ ಕಟ್ಟಡಗಳು ಒಂದೊಂದಾಗಿ ಉರುಳಿ, ಅವುಗಳ ತಾಣದಲ್ಲಿ ಬಹುಮಹಡಿಯ ಸೌಧಗಳು ಏಳುತ್ತಿವೆ. ಹೊಸ ಮನೆಯ ಚದರಡಿ ಎಷ್ಟು, ಲಿಫ್ಟುಗಳೆಷ್ಟು ಎಂದು ವಿಚಾರಿಸುವ ನಮ್ಮ ಬಂಧುಗಳು ಅಡಿಪಾಯದ ಕುರಿತೂ ಒಂದು ಪ್ರಶ್ನೆಯನ್ನು ಕೇಳತಕ್ಕದ್ದು: ಕಟ್ಟಡದ ಭೂಸಂಪರ್ಕ, ಎಂದರೆ ಅರ್ಥಿಂಗ್, ಎಲ್ಲಿದೆ?

ರುಬ್ಬುವ ಯಂತ್ರದ ಲೋಹದ ಮೈಗೆ ವಿದ್ಯುತ್ತು ಸೋರಿತೆನ್ನೋಣ. ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತ ಹೊಟೇಲು ಕಾರ್ಮಿಕನ ದೇಹವೇ ಅದಕ್ಕೆ ದಾರಿಯಾಗುತ್ತದೆ. ಪ್ಲಗ್ಗಿನ ಮೂರನೆಯ ತಂತಿಯು ಅದನ್ನು ಬೇರೆ ದಾರಿಯಲ್ಲಿ ಒಯ್ಯಬೇಕು. ಆ ತಂತಿಯ ಕೊನೆ ಸಾಮಾನ್ಯವಾಗಿ ಇದ್ದಿಲು, ಉಪ್ಪು ತುಂಬಿದ ಗುಂಡಿಯೊಳಗಿನ ಕೊಳವೆಯಲ್ಲಿದೆ. ಬೇಸಿಗೆಯಲ್ಲಿ ಗುಂಡಿ ಒಣಗುತ್ತದೆ; ಉಪ್ಪಿನಿಂದ ಕೊಳವೆ ತುಕ್ಕು ಹಿಡಿಯುತ್ತದೆ. ಅದನ್ನು ನೋಡುವವರು ವಿರಳ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೇರಿಕೆಯ ಅರಿಜೋನಾ ಮರುಭೂಮಿಯ ಸೇನಾ ಮದ್ದುಗುಂಡಿನ ಕೋಠಿಗಳನ್ನು ಸಿಡಿಲಿನಿಂದ ರಕ್ಷಿಸಬೇಕಾಗಿತ್ತು. ಅಲ್ಲಿ ಮಳೆ ಅಲ್ಪ, ನೆಲದೊಳಗೆ ನೀರಿನ ಕೊಳವೆಯೂ ಇರಲಿಲ್ಲ. ಹರ್ಬರ್ಟ್ ಯೂಫರ್ ಎಂಬ ಇಂಜಿನಿಯರರು ಅಡಿಪಾಯದ ಕಾಂಕ್ರೀಟಿನೊಳಗಿನ ಉಕ್ಕಿನ ಸರಳುಗಳನ್ನೇ ಭೂಸಂಪರ್ಕಕ್ಕೆ ಬಳಸಿದರು. ಸುಮಾರು ಎರಡು ದಶಕಗಳ ಅನಂತರ ಅಳೆದಾಗಲೂ ರೋಧವು 2ರಿಂದ 5 ಓಮ್‌ನಷ್ಟೇ ಇದ್ದಿತು. ಇಂದು ಆ ಪದ್ಧತಿಗೆ ಅವರದೇ ಹೆಸರಿದೆ.

ಇದರ ಗುಟ್ಟು ಸರಳವಾದುದು. ಕಾಂಕ್ರೀಟು ನೆಲದ ತೇವವನ್ನು ಹೀರಿ ಬಹುಕಾಲ ಹಿಡಿದಿಡುತ್ತದೆ; ಅದರ ಕ್ಷಾರಗುಣವು ಉಕ್ಕನ್ನು ತುಕ್ಕಿನಿಂದ ಕಾಯುತ್ತದೆ; ಮಣ್ಣನ್ನು ಮುಟ್ಟುವ ಅದರ ಮೈಯೂ ವಿಶಾಲ. ಅಮೇರಿಕೆಯ ನಿಯಮದಂತೆ ಅರ್ಧ ಅಂಗುಲ ದಪ್ಪದ ಸರಳು ಕನಿಷ್ಠ 20 ಅಡಿ ಉದ್ದವಿದ್ದು, ಅದರ ಸುತ್ತ 2 ಅಂಗುಲ ಕಾಂಕ್ರೀಟು ಇರಬೇಕು. ಭಾರತದಲ್ಲಿ ಭೂಸಂಪರ್ಕದ ಮಾನಕವು ಐ.ಎಸ್. 3043.

ಆದರೆ ಈ ಕೆಲಸಕ್ಕೆ ಕಾಲವಿದೆ. ಸರಳುಗಳನ್ನು ಪರಸ್ಪರ ಬಿಗಿದು, ಒಂದು ಕೊನೆಯನ್ನು ಹೊರತೆಗೆಯುವುದು ಕಾಂಕ್ರೀಟು ಸುರಿಯುವ ಮುಂಚೆ ಆಗಬೇಕು. ಮೇಲೆ ಮಹಡಿಗಳೆದ್ದ ಮೇಲೆ ಅಡಿಪಾಯವನ್ನು ಅಗೆಯುವವರಾರು? ನೀರು ತಡೆಯಲು ಅಡಿಯಲ್ಲಿ ಪ್ಲಾಸ್ಟಿಕ್ಕಿನ ಹಾಳೆ ಹಾಸಿದ್ದರೆ ಮಣ್ಣಿನ ಸಂಪರ್ಕವೇ ಕಡಿದುಹೋಗುತ್ತದೆ. ಆಗ ಬೇರೆ ವ್ಯವಸ್ಥೆ ಬೇಕು. ಇವೆಲ್ಲ ಇದ್ದರೂ 30 ಮಿಲಿಆಂಪಿಯರ್ ಸೋರಿಕೆಗೇ ವಿದ್ಯುತ್ತನ್ನು ಕಡಿಯುವ ಸ್ವಿಚ್ಚನ್ನು ಬಿಡತಕ್ಕದ್ದಲ್ಲ.

ಸೊಸೈಟಿಯ ಸಭೆಗಳಲ್ಲಿ ನಡಾವಳಿ ಬರೆಯುವ ಗುಮಾಸ್ತ ಬಂಧುಗಳೇ, ಈ ಪ್ರಶ್ನೆಯನ್ನು ಕಾಗದದ ಮೇಲೆ ಕೇಳಿರಿ. ರೋಧವನ್ನು ಅಳೆದ ಲೆಕ್ಕವನ್ನು ಬರಹದಲ್ಲಿ ಪಡೆಯಿರಿ. ಆ ಕಟ್ಟಡದ ನೆಲಮಹಡಿಯಲ್ಲಿ ನಾಳೆ ಹೊಟೇಲೊಂದು ತೆರೆದರೆ, ನಸುಕಿನಲ್ಲೆದ್ದು ಹಿಟ್ಟು ರುಬ್ಬುವ ಹುಡುಗನಿಗೆ ಅದನ್ನು ಕೇಳುವ ಅವಕಾಶವಿರುವುದಿಲ್ಲ.